ಅನುಮಾನ ಫೈಲಿನ ಮೇಲಿರಲಿ

ಹೆಸರು ಹಾಕಬೇಡಿ ಎಂದಿರುವ ವಕೀಲ ಓದುಗರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಕೀಲಿ ಶುರು ಮಾಡಿ ನಾಲ್ಕು ವರ್ಷ. ಕಳೆದ ತಿಂಗಳು ಒಂದು ಕೇಸು ಗೆದ್ದಿರಿ. ಕಕ್ಷಿದಾರರು ಕೈಮುಗಿದು ಹೋದರು, ನಿಮಗೆ ಮಾತ್ರ ಖುಷಿಯಾಗಲಿಲ್ಲ. ‘ಎದುರು ವಕೀಲರು ತಯಾರಾಗಿ ಬಂದಿರಲಿಲ್ಲ, ಅದಕ್ಕೇ ಗೆದ್ದೆ. ಒಂದು ದಿನ ನನ್ನ ಬಂಡವಾಳ ಬಯಲಾಗುತ್ತದೆ’ ಎಂದು ಬರೆದಿದ್ದೀರಿ. ಕೆಲಸ ಬಿಟ್ಟುಬಿಡಲೇ ಎಂದೂ ಕೇಳಿದ್ದೀರಿ.

ಗೆದ್ದರೆ ಎದುರಿನವರ ತಪ್ಪು, ಸೋತರೆ ನಿಮ್ಮ ತಪ್ಪು. ಯಾವುದಾದರೂ ಸಾಕ್ಷಿ ಇಂಥ ಲೆಕ್ಕ ಹೇಳಿದ್ದರೆ ಪಾಟೀಸವಾಲಿನಲ್ಲಿ ಸುಮ್ನೆ ಬಿಡುತ್ತಿದ್ದಿರಾ?

ಈ ಲೆಕ್ಕ ಹಳೆಯದೇ. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು 1978ರಲ್ಲಿ ಇದರ ಬಗ್ಗೆ ಬರೆದರು. ಓದಿದ, ಹೆಸರು ಮಾಡಿದ 150ಕ್ಕೂ ಹೆಚ್ಚು ಹೆಂಗಸರನ್ನು ಅವರು ಹತ್ತಿರದಿಂದ ನೋಡಿದ್ದರು. ತಮಗೆ ಸೀಟು ಸಿಕ್ಕಿದ್ದೇ ಆಯ್ಕೆ ಸಮಿತಿಯ ತಪ್ಪಿನಿಂದ ಎಂದು ನಂಬಿದ ವಿದ್ಯಾರ್ಥಿನಿಯರೂ ಅವರಲ್ಲಿದ್ದರು! ಅಂದಹಾಗೆ, ಅವರು ಇದನ್ನು ‘ಇಂಪೋಸ್ಟರ್ ಫಿನಾಮಿನನ್’, ಅಂದರೆ ತಾನು ನಕಲಿ ಎಂದು ಅನಿಸುವ ಅನುಭವ, ಎಂದಷ್ಟೇ ಕರೆದರು. ‘ಸಿಂಡ್ರೋಮ್’ ಎಂಬ ಕಾಯಿಲೆಯ ಹೆಸರು ಅಂಟಿಕೊಂಡಿದ್ದು ಆಮೇಲೆ. ಮಿಷೆಲ್ ಒಬಾಮಾ ಕೂಡ 2018ರಲ್ಲಿ ಲಂಡನ್ನಿನ ಶಾಲೆಯೊಂದರಲ್ಲಿ, ತನಗೆ ಇದು ಇನ್ನೂ ಪೂರ್ತಿ ಹೋಗಿಲ್ಲ ಎಂದಿದ್ದರು. ಅವರೂ ವಕೀಲರಾಗಿದ್ದವರೇ.

ನಿಮ್ಮ ಕಸುಬಿನದು ಇನ್ನೊಂದು ಕಷ್ಟ. ರೋಗಿಗೆ ಔಷಧಿ ಬರೆಯುವ ಡಾಕ್ಟರ ಎದುರು, ‘ಇವರು ಬರೆದಿದ್ದೆಲ್ಲ ತಪ್ಪು’ ಎನ್ನಲು ಫೀಸು ತಗೊಂಡ ಇನ್ನೊಬ್ಬ ಡಾಕ್ಟರ್ ನಿಂತಿರುವುದಿಲ್ಲ. ನಿಮ್ಮ ಎದುರು ದಿನಾ ನಿಂತಿರುತ್ತಾರೆ. ಜೊತೆಗೆ, ನಿಮಗೆ ಕಲಿಸಿದ ವಿದ್ಯೆಯೇ ಅನುಮಾನ. ಈ ಸಹಿ ಯಾರದು, ಈ ತಾರೀಖು ಸರಿಯೇ, ಈ ಮಾತಿಗೆ ಆಧಾರ ಏನು? ಕೋಟು ಬಿಚ್ಚಿಟ್ಟ ಮೇಲೂ ಆ ಚಾಳಿ ಬಿಡುವುದಿಲ್ಲ. ಫೈಲು ಮುಚ್ಚಿದ ಕೂಡಲೇ ನಿಮ್ಮನ್ನೇ ಕಟಕಟೆಗೆ ಹತ್ತಿಸುತ್ತದೆ.

ಪತ್ರಿಕೆಗೆ ಬರುವ ಮೊದಲು ನಾನೂ ಎರಡು ವರ್ಷ ಜೂನಿಯರ್ ಆಗಿದ್ದೆ. ನಮ್ಮ ಸೀನಿಯರ್ ಕೋರ್ಟಿನಲ್ಲಿ ಎದ್ದು ನಿಂತರೆ ಮಾತು ನೀರು ಹರಿದ ಹಾಗೆ. ಒಂದು ದಿನ ಹೊರಗಿನ ವರಾಂಡದಲ್ಲಿ ಅವರು ಗೋಡೆಗೆ ಮುಖ ಮಾಡಿ ಏನೋ ಗೊಣಗುತ್ತಿದ್ದರು. ಕೈಯಲ್ಲಿ ಹಳೆಯ ಲಕೋಟೆ. ಅದರ ಹಿಂಬದಿಯಲ್ಲಿ ವಾದದ ಮೊದಲ ವಾಕ್ಯ ಬರೆದು, ಹೊಡೆದು, ಮತ್ತೆ ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ‘ಸೆಕ್ಷನ್ ನೋಡಿಕೊಂಡು ಓದು, ಬಾಯಿಪಾಠ ಬೇಡ.’ ಮೂವತ್ತು ವರ್ಷದ ಅನುಭವ ಅವರದು. ಅಲ್ಲಿಯವರೆಗೆ ಅವರ ವಾದ ಕೇಳಿದ್ದೆನೇ ಹೊರತು ಲಕೋಟೆ ನೋಡಿರಲಿಲ್ಲ. ನೀವೂ ಬೇರೆಯವರ ಲಕೋಟೆ ನೋಡಿಲ್ಲ, ಅಲ್ವಾ?

ಅನುಮಾನ ಬಿಡಿ ಎಂದು ನಾನು ಹೇಳುವುದಿಲ್ಲ. ಅದಿಲ್ಲದ ವಕೀಲರ ಕೈಗೆ ನನ್ನ ಕೇಸು ಕೊಡಲು ನನಗೇ ಭಯ. ಅದನ್ನು ಫೈಲಿನ ಕಡೆ ತಿರುಗಿಸಿ. ‘ನನಗೇನೂ ಬರಲ್ಲ’ ಎಂಬುದಕ್ಕೆ ಮದ್ದಿಲ್ಲ. ‘ಈ ಒಪ್ಪಂದದ ಏಳನೇ ಕಲಮು ಅರ್ಥವಾಗಿಲ್ಲ’ ಎಂದರೆ ಒಂದು ಗಂಟೆ ಕೂತರೆ ಆಯಿತು, ಇಲ್ಲವೇ ಗೊತ್ತಿದ್ದವರನ್ನು ಕೇಳಿದರಾಯಿತು. ನ್ಯಾಯಾಧೀಶರು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲವೇ? ‘ನೋಡಿ ಹೇಳುತ್ತೇನೆ’ ಎನ್ನಿ. ಊಹೆ ಹೇಳಿ ಸಿಕ್ಕಿಬೀಳುವುದಕ್ಕಿಂತ ಅದು ಎಷ್ಟೋ ವಾಸಿ.

ಇನ್ನೊಂದು ವಿಷಯ. ಆಫೀಸಿನಲ್ಲಿ ಯಾರಾದರೂ ದಿನಾ ಹೀಯಾಳಿಸುತ್ತಿದ್ದರೆ, ಒಳ್ಳೆಯ ಕೆಲಸ ಕೊಡದೆ ದೂರ ಇಟ್ಟಿದ್ದರೆ, ಅದನ್ನು ನಿಮ್ಮ ಮನಸ್ಸಿನ ದೋಷ ಎಂದುಕೊಳ್ಳಬೇಡಿ. ಬಿಡಬೇಕಾದದ್ದು ಆ ಆಫೀಸನ್ನು ಇರಬಹುದು. ನಿದ್ದೆ, ಊಟ ಕೆಟ್ಟಿದ್ದರೆ ಮಾತ್ರ ತಡ ಮಾಡದೆ ಡಾಕ್ಟರನ್ನೋ ಕೌನ್ಸೆಲರನ್ನೋ ನೋಡಿ.

ಪತ್ರದ ಕೊನೆಯಲ್ಲಿ ಯಾವುದೋ ಸಣ್ಣ ಸಂಗತಿಯಂತೆ ಒಂದು ಸಾಲು ಬರೆದಿದ್ದೀರಿ. ರಸೀದಿಯ ತಾರೀಖು ತಿದ್ದಿದ್ದು ವಿಚಾರಣೆಯ ಹಿಂದಿನ ರಾತ್ರಿ ನಿಮ್ಮ ಕಣ್ಣಿಗೆ ಬಿತ್ತು ಎಂದು. ಎದುರು ವಕೀಲರು ತಯಾರಾಗಿರಲಿಲ್ಲ, ಸರಿ. ಆ ರಾತ್ರಿ ರಸೀದಿ ಹಿಡಿದು ಕೂತಿದ್ದವರು ಯಾರು? ಕೆಲಸ ಬಿಡುವ ಮಾತು ಸದ್ಯಕ್ಕೆ ಬೇಡ. ಮುಂದಿನ ಕೇಸು ಮುಗಿದ ಮೇಲೆ ಇನ್ನೊಂದು ಪತ್ರ ಹಾಕಿ.

– ಸಂ.