ಓದುಗರ ಪ್ರಶ್ನೆ: ಕ್ಯಾಂಪು, ಕುಯ್ಲು, ಪಿಎಚ್‌ಡಿ ಮೂರೂ ಜನವರಿಯಲ್ಲೇ ಬಂದರೆ?

ಈ ಸಲ ಬಂದ ಪತ್ರಗಳಲ್ಲಿ ಟೆರಿಟೋರಿಯಲ್ ಆರ್ಮಿ (ಟಿಎ, ಅಂದರೆ ಬೇರೆ ಕೆಲಸ ಮಾಡಿಕೊಂಡೇ ವರ್ಷದಲ್ಲಿ ಸ್ವಲ್ಪ ಕಾಲ ಸಲ್ಲಿಸುವ ಸೇನಾ ಸೇವೆ) ವಿಷಯದ್ದೇ ಜಾಸ್ತಿ. ಕೊಡಗಿನಲ್ಲಿ ಇದು ಆಶ್ಚರ್ಯ ಅಲ್ಲ. ಮೂರು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯವನು, ವಯಸ್ಸು 34. ಖಾಸಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಎರಡು ವರ್ಷದ ಹಿಂದೆ ಟಿಎಗೆ ಲೆಫ್ಟಿನೆಂಟ್ ಆಗಿ ಸೇರಿದೆ. ಪಾರ್ಟ್‌ಟೈಮ್ ಪಿಎಚ್‌ಡಿಯೂ ನಡೆಯುತ್ತಿದೆ. ವಿಷಯ, ಕಾಫಿ ತೋಟದ ವಲಸೆ ಕಾರ್ಮಿಕರ ಕೂಲಿ. ಹೋದ ವರ್ಷ ಕ್ಯಾಂಪ್ ಬಂದದ್ದು ಜನವರಿ, ಫೆಬ್ರವರಿಯಲ್ಲಿ. ನಮ್ಮ ರೋಬಸ್ಟಾ ಕುಯ್ಲೂ ಆಗಲೇ, ನನ್ನ ಸರ್ವೆಯೂ ಆಗಲೇ. ಕುಯ್ಲನ್ನು ಹೆಂಡತಿ ಒಬ್ಬಳೇ ಮುಗಿಸಿದಳು, ಆರು ವರ್ಷದ ಮಗಳನ್ನೂ ನೋಡಿಕೊಂಡು. ಗೈಡ್ ಬೇಜಾರಾದರು. ಪ್ರಿನ್ಸಿಪಾಲರು ‘ಮತ್ತೆ ರಜೆನಾ’ ಅಂದರು. ಮೂರನ್ನೂ ಹೊಂದಿಸೋದು ಹೇಗೆ? ಇಲ್ಲ, ಟಿಎ ಬಿಟ್ಟುಬಿಡಲಾ?

ಉತ್ತರ: ಬಿಡೋ ಮಾತು ಈಗ ಬೇಡ. ಟಿಎ ಆಫೀಸರಿಗೆ ಶುರುವಿನ ಎರಡು ವರ್ಷವೇ ಭಾರ. ಮೊದಲ ವರ್ಷ ಒಂದು ತಿಂಗಳ ಬೇಸಿಕ್ ಟ್ರೈನಿಂಗ್, ಪ್ರತಿ ವರ್ಷ ಎರಡು ತಿಂಗಳ ಕ್ಯಾಂಪ್, ಅದರ ಮೇಲೆ ಎರಡು ವರ್ಷದೊಳಗೆ ಮುಗಿಸಬೇಕಾದ ಮೂರು ತಿಂಗಳ ಪೋಸ್ಟ್ ಕಮಿಷನ್ ಟ್ರೈನಿಂಗ್. ಅದೆಲ್ಲ ಮುಗಿದಿದ್ದರೆ ಇನ್ನು ಮುಂದೆ ವರ್ಷಕ್ಕೆ ಎರಡು ತಿಂಗಳ ಲೆಕ್ಕ. ಕರೆ ಬಂದರೆ ಮಾತ್ರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಆದರೆ ‘ಮೂರನ್ನೂ ಹೊಂದಿಸೋದು’ ಅಂತ ಕೇಳಿದಿರಲ್ಲ, ಅದು ಆಗುವ ಕೆಲಸ ಅಲ್ಲ. ಒಂದನ್ನು ನಿಧಾನ ಮಾಡಲೇಬೇಕು. ಯಾವುದನ್ನು ಅಂತ ನೀವೇ ಕೂತು ತೀರ್ಮಾನ ಮಾಡದಿದ್ದರೆ ತಾನಾಗೇ ಮನೆ ಹಿಂದೆ ಬೀಳುತ್ತೆ, ಯಾಕಂದ್ರೆ ಯೂನಿಟ್‌ನಿಂದ ಆರ್ಡರ್ ಬರುತ್ತೆ, ಯೂನಿವರ್ಸಿಟಿಯಿಂದ ನೋಟಿಸ್ ಬರುತ್ತೆ, ಮನೆಯಿಂದ ಯಾವ ಕಾಗದವೂ ಬರಲ್ಲ. ನಿಮ್ಮ ಪತ್ರದಲ್ಲೇ ನೋಡಿ. ಬೇಜಾರಾದವರು ಗೈಡು, ಗೊಣಗಿದವರು ಪ್ರಿನ್ಸಿಪಾಲರು. ಹೆಂಡತಿ ಏನಂದರು ಅಂತ ಬರೆದೇ ಇಲ್ಲ. ಅವರನ್ನು ಕೇಳಿದ್ದೀರಾ?

ನನ್ನ ಮಟ್ಟಿಗೆ ನಿಧಾನ ಆಗಬೇಕಾದ್ದು ಪಿಎಚ್‌ಡಿ. ಅದಕ್ಕೆ ನಿಯಮದಲ್ಲೇ ಜಾಗ ಇದೆ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ ಎರಡು ವರ್ಷ ಸಿಗುತ್ತೆ. ನಾಲ್ಕು ವರ್ಷದಲ್ಲಿ ಮುಗಿಸ್ತೀನಿ ಅಂತ ಗೈಡ್‌ಗೆ ಮಾತು ಕೊಟ್ಟಿದ್ದರೆ ಹೋಗಿ ‘ಆರು ಆಗುತ್ತೆ ಸರ್’ ಅಂತ ಹೇಳಿ. ಎದುರಿಗೆ ಕೂತು ಹೇಳಬೇಕು, ವಾಟ್ಸಾಪ್‌ನಲ್ಲಿ ಅಲ್ಲ. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಸಲಹಾ ಸಮಿತಿ ಮುಂದೆ ಪ್ರಗತಿ ಒಪ್ಪಿಸೋದನ್ನು ತಪ್ಪಿಸೋಕೆ ಆಗಲ್ಲ, ಹಾಗಾಗಿ ಆ ತಾರೀಕನ್ನು ಕ್ಯಾಂಪ್‌ಗಿಂತ ಮೊದಲೇ ಹಾಕಿಸಿಕೊಳ್ಳಿ.

ಸರ್ವೆ ವಿಷಯಕ್ಕೆ ಬರೋಣ. ಕುಯ್ಲಿನ ಕಾರ್ಮಿಕರನ್ನು ಕುಯ್ಲಲ್ಲೇ ಕೇಳಬೇಕು ಅನ್ನೋದು ಅರ್ಧ ನಿಜ. ಎಸ್ಟೇಟಿನ ಚೆಕ್‌ರೋಲ್ ವರ್ಷವಿಡೀ ಇರುತ್ತೆ. ಯಾರು ಎಷ್ಟು ದಿನ ಬಂದರು, ಎಷ್ಟು ಕೂಲಿ, ಎಷ್ಟು ಅಡ್ವಾನ್ಸ್ ಎಲ್ಲ ಅದರಲ್ಲಿ ಸಿಗುತ್ತೆ. ಮಾಲೀಕರು ತೋರಿಸಬೇಕು ಅಷ್ಟೇ, ಅದಕ್ಕೆ ನಿಮ್ಮ ನೆಂಟಸ್ತಿಕೆ ಉಪಯೋಗಿಸಿ. ಲೈನ್‌ಮನೆಗಳಲ್ಲೇ (ತೋಟದ ಕಾರ್ಮಿಕರ ಸಾಲುಮನೆ) ಉಳಿಯುವ ಕುಟುಂಬಗಳನ್ನು ಮಳೆಗಾಲದಲ್ಲಿ ಮಾತಾಡಿಸಬಹುದು. ಆಗ ಅವರಿಗೂ ಪುರುಸೊತ್ತು, ಉತ್ತರವೂ ಚೆನ್ನಾಗಿ ಬರುತ್ತೆ. ಕುಯ್ಲಿಗೆ ಅಂತಲೇ ಬಂದು ಹೋಗುವವರ ಭಾಗಕ್ಕೆ ಮಾತ್ರ ನಿಮ್ಮದೇ ಕಾಲೇಜಿನ ಒಬ್ಬ ಹುಡುಗನಿಗೆ ಪ್ರಶ್ನಾವಳಿ ಕಲಿಸಿ ಕಳಿಸಿ.

ಇನ್ನು ಪ್ರಿನ್ಸಿಪಾಲರು. ನೀವು ಹೋಗಿದ್ದು ರಜೆಗಲ್ಲ ಅಂತ ಅವರಿಗೆ ಯಾರೂ ಹೇಳಿದ ಹಾಗಿಲ್ಲ. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ಸೆಕ್ಷನ್ ಓದಿ, ಒಂದು ಪ್ರಿಂಟ್ ತೆಗೆದು ಕೊಡಿ. ಸೇನಾ ಸೇವೆಗೆ ಹೋದ ನೌಕರನನ್ನು ಅದು ಮುಗಿದ ಮೇಲೆ ವಾಪಸ್ ತಗೋಬೇಕು, ಮೊದಲಿಗಿಂತ ಕಡಿಮೆ ಅನುಕೂಲದ ಷರತ್ತು ಹಾಕೋ ಹಾಗಿಲ್ಲ ಅಂತ ಅದರಲ್ಲಿದೆ. ಜಗಳಕ್ಕೆ ಹೋದ ಹಾಗೆ ಕೊಡಬೇಡಿ. ಕ್ಯಾಂಪ್ ತಾರೀಕು ಗೊತ್ತಾದ ದಿನವೇ ಬರೆದು ಕೊಟ್ಟು, ನಿಮ್ಮ ಪಾಠ ಯಾರು ತಗೋತಾರೆ ಅಂತ ನೀವೇ ಹೊಂದಿಸಿಟ್ಟು ಹೇಳಿದರೆ ಗೊಣಗಾಟ ಅರ್ಧ ಕಮ್ಮಿ. ಒಂದು ಮಾತು ನೆನಪಿರಲಿ, ಆ ಸೆಕ್ಷನ್ ಕೆಲಸಕ್ಕೆ ಮಾತ್ರ. ಪಿಎಚ್‌ಡಿಗೆ ಅದರ ರಕ್ಷಣೆ ಇಲ್ಲ, ಅಲ್ಲಿ ಯೂನಿವರ್ಸಿಟಿ ನಿಯಮವೇ ನಡೆಯೋದು.

ಕ್ಯಾಂಪ್ ತಾರೀಕು ನಿಮ್ಮ ಕೈಯಲ್ಲಿಲ್ಲ, ಆದರೆ ಬೇಗ ಕೇಳೋದು ನಿಮ್ಮ ಕೈಯಲ್ಲಿದೆ. ಮಳೆಗಾಲ ಮುಗಿಯೋ ಮೊದಲೇ ಯೂನಿಟ್‌ನ ಆಡಳಿತ ನೋಡುವ ಆಫೀಸರ್ ಆಡ್ಜುಟೆಂಟ್‌ಗೆ ಫೋನ್ ಮಾಡಿ ಕೇಳಿ. ಮತ್ತೆ ಜನವರಿಯೇ ಬಂದರೆ, ಕ್ಯಾಂಪ್ ದಿನಗಳಿಗೆ ನಿಮಗೆ ರೆಗ್ಯುಲರ್ ಆಫೀಸರಿಗೆ ಸಿಗುವ ಸಂಬಳ, ಭತ್ಯೆಯೇ ಸಿಗುತ್ತಲ್ವಾ, ಆ ದುಡ್ಡು ಕುಯ್ಲಿಗೆ ಹೋಗಲಿ. ಎರಡು ತಿಂಗಳಿಗೆ ಒಬ್ಬ ರೈಟರ್ ಇಟ್ಟುಕೊಳ್ಳಿ. ತೂಕ ಬರೆಯೋದು, ಕಣದಲ್ಲಿ ನಿಲ್ಲೋದು, ಕೂಲಿ ಹಂಚೋದು ಅವನ ಪಾಲಿಗೆ. ಕುಯ್ಲು ಮುಗಿಯುತ್ತಲೇ ಹೂವಿಗೆ ಸ್ಪ್ರಿಂಕ್ಲರ್ ಹಾಕೋ ಕಾಲ ಬರುತ್ತೆ, ರಾತ್ರಿ ಹನ್ನೊಂದಕ್ಕೆ ಪಂಪ್ ನಿಂತು ಹೋಗುತ್ತೆ, ತೋಟದಲ್ಲಿ ಆನೆ ಇದೆಯಾ ಅಂತ ನೋಡಿಕೊಂಡು ಟಾರ್ಚ್ ಹಿಡಿದು ಹೋಗಬೇಕು. ಮಗು ಮಲಗಿಸಿ ಬಂದವರು ಒಬ್ಬರೇ ಮಾಡೋ ಕೆಲಸವಾ ಅದು? ಆ ಕ್ಯಾಂಪ್ ದುಡ್ಡಲ್ಲಿ ಕಾರಿನ ಕಂತು ಕಟ್ಟುವವರನ್ನು ನೋಡಿದ್ದೇನೆ. ಅವರ ಮನೆಯಲ್ಲಿ ಟಿಎ ಅಂದರೆ ಮುಖ ತಿರುಗಿಸುತ್ತಾರೆ.

ಕರೆ ಬಂದರೆ ಅಂದೆನಲ್ಲ. 2025ರ ಮೇ 6ರಂದು ಕೇಂದ್ರ ಸರ್ಕಾರ ಟಿಎ ನಿಯಮ 33ರಡಿ ಸೇನಾ ಮುಖ್ಯಸ್ಥರಿಗೆ ಟಿಎಯ ಎಲ್ಲರನ್ನೂ ಕರೆಸಿಕೊಳ್ಳುವ ಅಧಿಕಾರ ಕೊಟ್ಟಿತು. ಇರುವ 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಎಂಬಾಡಿ ಮಾಡಲು, ಅಂದರೆ ಪೂರ್ಣಾವಧಿ ಸೇವೆಗೆ ಕರೆಸಿಕೊಳ್ಳಲು, ಒಪ್ಪಿಗೆ ಇತ್ತು. ಆ ಆದೇಶದ ಅವಧಿ 2028ರ ಫೆಬ್ರವರಿ 9ರ ತನಕ. ಅಂದರೆ ನಿಮ್ಮ ಪಿಎಚ್‌ಡಿ ನಡುವೆಯೇ ದೊಡ್ಡ ಕರೆ ಬರಬಹುದು. ಅಂಥ ಹೊತ್ತಲ್ಲಿ ನೋಂದಣಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ನಿಮ್ಮ ಯೂನಿವರ್ಸಿಟಿಯಲ್ಲಿ ಏನು ದಾರಿ ಅಂತ ರಿಜಿಸ್ಟ್ರಾರ್ ಕಚೇರಿಯಿಂದ ಈಗಲೇ ಲಿಖಿತವಾಗಿ ತಗೊಳ್ಳಿ. ಟ್ರೈನ್ ಹತ್ತೋ ದಿನ ಅರ್ಜಿ ಬರೆಯೋಕೆ ಆಗಲ್ಲ.

ಪ್ರಶ್ನೆ: ನನ್ನ ಮನೆಯವರು ಟಿಎ ಜವಾನ್. ಮೊದಲು ಕಂಪನಿಯೊಂದರಲ್ಲಿ ಡ್ರೈವರ್ ಆಗಿದ್ದರು, ಈಗ ಎಂಬಾಡಿ ಆಗಿ ಜಮ್ಮು ಕಡೆ ಇದ್ದಾರೆ. ನಾನು ಚಿಕ್ಕ ಅಳುವಾರದ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ಎಂ.ಕಾಂ ಎರಡನೇ ಸೆಮಿಸ್ಟರ್. ಮಗುವಿಗೆ ಎರಡು ವರ್ಷ. ‘ಅವನು ಬರೋ ತನಕ ಓದು ನಿಲ್ಲಿಸು’ ಅಂತಾರೆ ಅತ್ತೆ. ಏನು ಮಾಡಲಿ? — ಒಬ್ಬ ಗೃಹಿಣಿ, ಸೋಮವಾರಪೇಟೆ

ಉತ್ತರ: ನಿಲ್ಲಿಸಬೇಡಿ ತಂಗಿ. ಇದು ಮುಗಿದರೆ ಉಳಿಯೋದು ಇನ್ನೆರಡು ಸೆಮಿಸ್ಟರ್. ಅವರು ಯಾವಾಗ ಬರುತ್ತಾರೆ ಅಂತ ಅವರಿಗೇ ಗೊತ್ತಿರಲ್ಲ, ಆ ತಾರೀಕಿಗೆ ನಿಮ್ಮ ಓದನ್ನು ಕಟ್ಟಿಹಾಕೋದು ಸರಿಯಲ್ಲ.

ಅತ್ತೆ ಹೇಳುವುದರ ಹಿಂದೆ ಇರೋದು ಓದಿನ ಮೇಲಿನ ಸಿಟ್ಟಲ್ಲ ಅಂತ ನನಗನ್ನಿಸುತ್ತೆ. ಎರಡು ವರ್ಷದ ಮಗುವಿನ ಹಿಂದೆ ದಿನವಿಡೀ ಓಡೋದು ಅವರ ವಯಸ್ಸಿಗೆ ಕಷ್ಟ. ವಾರದಲ್ಲಿ ಒಂದೆರಡು ದಿನ ಮಗುವನ್ನು ನಿಮ್ಮ ತವರಲ್ಲೋ ಅಂಗನವಾಡಿ ಹತ್ತಿರದ ಯಾರದ್ದಾದರೂ ಮನೆಯಲ್ಲೋ ಬಿಡೋ ವ್ಯವಸ್ಥೆ ಮಾಡಿ, ಆಮೇಲೆ ಮಾತಾಡಿ. ಮನೆಯವರು ಫೋನ್ ಮಾಡಿದಾಗ ಈ ಮಾತನ್ನು ಅಮ್ಮನಿಗೆ ಅವರೇ ಹೇಳಲಿ. ನೀವು ಹತ್ತು ಸಲ ಹೇಳಿದ್ದಕ್ಕಿಂತ ಮಗ ಒಂದು ಸಲ ಹೇಳಿದ್ದು ನಡೆಯುತ್ತೆ. ಅದು ನ್ಯಾಯ ಅಲ್ಲ, ಆದರೂ ಹಾಗೇ.

ಹಾಜರಿಯೇ ತೊಡಕಾದರೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ, ಅಲ್ಲಿನ ಎಂ.ಕಾಂ ಕೂಡ ಯುಜಿಸಿ ಒಪ್ಪಿದ ಪದವಿಯೇ. ಆದರೆ ಈಗ ಮುಗಿಸಿದ ಸೆಮಿಸ್ಟರ್ ಲೆಕ್ಕಕ್ಕೆ ಬರುತ್ತಾ ಅಂತ ಕೇಳಿಕೊಂಡೇ ಬಿಡಿ. ನಾನಾದರೆ ಅಳುವಾರದಲ್ಲೇ ಮುಗಿಸುತ್ತಿದ್ದೆ.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ಮನೆಯವರು ಮುಂದಿನ ರಜೆಗೆ ಬಂದಾಗ ಜಾಗ, ಸಾಲ, ಬ್ಯಾಂಕ್ ಕೆಲಸಕ್ಕೆ ನಿಮ್ಮ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿಕೊಳ್ಳಿ. ಬೆಳೆ ಸಾಲದ ನವೀಕರಣಕ್ಕೆ ಅವರ ಸಹಿ ಬೇಕು ಅಂತ ಬ್ಯಾಂಕಿನವರು ಕೂತರೆ, ಜಮ್ಮುವಿನಿಂದ ಸಹಿ ತರಿಸೋಕೆ ಆಗುತ್ತಾ? (ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗವಾಗಿ, ಮನೆತನದ ಹಿರಿಯರಾದ ಪಟ್ಟೇದಾರರ ಹೆಸರಲ್ಲಿದ್ದರೆ ಆ ಕತೆಯೇ ಬೇರೆ, ಅದಕ್ಕೆ ಈ ಪುಟ ಸಾಲದು.) ಅವರ ನೇಮಕಾತಿ ಪತ್ರ, ಪಿಎಫ್ ನಂಬರ್, ಟಿಎ ಕರೆಯ ಆರ್ಡರ್ ಇವುಗಳ ಜೆರಾಕ್ಸ್ ಒಂದು ಫೈಲಲ್ಲಿ ಇಡಿ. ಮೇಲೆ ಹೇಳಿದ 7ಎ ಸೆಕ್ಷನ್ ಅವರ ಡ್ರೈವರ್ ಕೆಲಸಕ್ಕೂ ಅನ್ವಯ, ಬಿಡುಗಡೆ ಆದ ಕೂಡಲೇ ಕಂಪನಿಗೆ ಬರೆದು ಕೊಡಬೇಕು, ತಡ ಮಾಡಬಾರದು. ಗೊಂದಲ ಇದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ ಬನ್ನಿ.

ಪ್ರಶ್ನೆ: ನಾನು ಎಂ.ಎಸ್ಸಿ ಕೊನೆ ವರ್ಷ, ಕುಶಾಲನಗರ. ಧೋನಿ ತರ ಟಿಎ ಆಫೀಸರ್ ಆಗಬೇಕು. ಓದು ಮುಗಿದ ಕೂಡಲೇ ಸೇರಬಹುದಾ? ಪೆನ್ಷನ್ ಬರುತ್ತಾ?

ಉತ್ತರ: ಧೋನಿಯವರದ್ದು ಗೌರವ ರ‍್ಯಾಂಕ್ ತಮ್ಮಾ, ಆ ಬಾಗಿಲು ನಮಗಿಲ್ಲ. ನಿನಗೆ ಪರೀಕ್ಷೆ, ಸಂದರ್ಶನ, ಮೆಡಿಕಲ್ ಎಲ್ಲ ಇದೆ. ವಯಸ್ಸು 18ರಿಂದ 42, ಪದವಿ ಬೇಕು, ಮುಖ್ಯವಾಗಿ ದುಡಿಮೆ ಇರಬೇಕು. ಬರೀ ವಿದ್ಯಾರ್ಥಿಯನ್ನು ತಗೊಳ್ಳಲ್ಲ. ಸ್ವಂತ ದುಡಿಮೆಯೂ ನಡೆಯುತ್ತೆ, ಹಾಗಾಗಿ ಅಪ್ಪನ ತೋಟವನ್ನು ನಿಜವಾಗಿ ನೀನೇ ನಡೆಸಿ ಆದಾಯ ತೋರಿಸಬಲ್ಲೆ ಅಂದರೆ ಅದೂ ಒಂದು ದಾರಿ. ಪೆನ್ಷನ್ ನಂಬಿಕೊಂಡು ಮಾತ್ರ ಬರಬೇಡ. ಎಂಬಾಡಿ ಆಗಿ ಸಲ್ಲಿಸಿದ ಸೇವೆ ಸಾಕಷ್ಟು ವರ್ಷ ಆದರೆ ಮಾತ್ರ ಅದು, ವರ್ಷಕ್ಕೆ ಎರಡು ತಿಂಗಳ ಲೆಕ್ಕದಲ್ಲಿ ಎಂದಿಗೆ ಆಗುತ್ತೆ ನೀನೇ ಕೂಡಿಸಿ ನೋಡು.

ಇಡೀ ಬದುಕು ಸೇನೆಯಲ್ಲೇ ಕಳೆಯಬೇಕು ಅಂತಿದ್ದರೆ ಈಗಲೇ ಸೇನೆಯ ಆಫೀಸರ್ ಆಯ್ಕೆಯ ಸಿಡಿಎಸ್ ಪರೀಕ್ಷೆ ಬರೆ, ವಯಸ್ಸಿದೆ. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿಯವರು ಟಿಎ ಉದ್ಘಾಟಿಸಿದಾಗ ಸೇನೆಯ ಮುಖ್ಯಸ್ಥರಾಗಿದ್ದವರು ನಮ್ಮ ಕಾರ್ಯಪ್ಪನವರೇ, ಆದರೂ ನಮ್ಮೂರಲ್ಲಿ ಇವತ್ತಿಗೂ ಟಿಎಯವರನ್ನು ‘ಅರ್ಧ ಫೌಜಿ’ ಅಂತ ರೇಗಿಸುತ್ತಾರೆ. ಅದನ್ನು ಕೇಳಿ ನಗೋಕೆ ಬಂದರೆ ಒಂದು ಕೆಲಸ ಹಿಡಿದು ಆಮೇಲೆ ಅರ್ಜಿ ಹಾಕು.