ಬಿಳಿಗಡ್ಡದ ಚಿಂಪಾಂಜಿ, ಮೂಗಿನ ಗೆರೆಯ ಗೊರಿಲ್ಲ

ಪ್ರಶ್ನೆ: ಚಿಂಪಾಂಜಿಗಳನ್ನು ಅಧ್ಯಯನ ಮಾಡಿದ ಜೇನ್ ಗುಡಾಲ್ ಅವರು ಕಾಡಿಗೆ ಹೋದಾಗ ಯಾವ ಪದವಿಯನ್ನೂ ಪಡೆದಿರಲಿಲ್ಲವೆಂದು ನಮ್ಮ ಶಿಕ್ಷಕರು ಹೇಳಿದರು. ಹಾಗಾದರೆ ಅವರು ವಿಜ್ಞಾನಿಯಾದದ್ದು ಹೇಗೆ? ಒಂದೇ ರೀತಿ ಕಾಣುವ ಪ್ರಾಣಿಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ?
— ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿಮ್ಮ ಶಿಕ್ಷಕರು ಹೇಳಿದ್ದು ನಿಜ. 1960ರ ಜುಲೈ 14ರಂದು ಜೇನ್ ಗುಡಾಲ್ ಅವರು ಇಂದಿನ ಟಾಂಜಾನಿಯ ದೇಶದ ಗೊಂಬೆ ಎಂಬ ಕಾಡಿಗೆ (ನಮ್ಮ ಆಟದ ಗೊಂಬೆಗೂ ಈ ಹೆಸರಿಗೂ ಸಂಬಂಧವಿಲ್ಲ) ಬಂದಿಳಿದಾಗ ಅವರಿಗೆ 26 ವರ್ಷ. ಕಾರ್ಯದರ್ಶಿಯ ಕೆಲಸದ ತರಬೇತಿಯಷ್ಟೇ ಆಗಿತ್ತು. ಅವರನ್ನು ಕಳುಹಿಸಿದ ಮಾನವಶಾಸ್ತ್ರಜ್ಞ ಲೂಯಿ ಲೀಕಿ ಅವರಿಗೆ ಇದು ಕೊರತೆಯಾಗಿ ಕಾಣಲಿಲ್ಲ. ಸಿದ್ಧಾಂತಗಳಿಂದ ಮೊದಲೇ ತುಂಬಿಹೋಗಿರದ ಮನಸ್ಸು ಅವರಿಗೆ ಬೇಕಾಗಿತ್ತು. ಒಬ್ಬ ತರುಣಿ ಒಂಟಿಯಾಗಿ ಕಾಡಿನಲ್ಲಿರಲು ಬ್ರಿಟಿಷ್ ಅಧಿಕಾರಿಗಳು ಒಪ್ಪದ ಕಾರಣ ಮೊದಲ ಕೆಲವು ತಿಂಗಳು ತಾಯಿಯೇ ಜೊತೆಗಿದ್ದರು.

ಮನುಷ್ಯರನ್ನು ಕಂಡೊಡನೆ ಚಿಂಪಾಂಜಿಗಳು ಓಡಿಹೋಗುತ್ತಿದ್ದುದರಿಂದ ಅವರು ದಿನವೂ ಗುಡ್ಡದ ಮೇಲೆ ಕುಳಿತು ದುರ್ಬೀನಿನಲ್ಲಿ ನೋಡುತ್ತಿದ್ದರು. ಆ ವರ್ಷ ಮುಗಿಯುವ ಮೊದಲೇ, ಬಿಳಿಗಡ್ಡದ ಒಂದು ಗಂಡು ಚಿಂಪಾಂಜಿ ಹುತ್ತದ ತೂತಿಗೆ ಹುಲ್ಲಿನ ಕಡ್ಡಿ ತೂರಿಸಿ, ಅದನ್ನು ಕಚ್ಚಿ ಹಿಡಿದ ಗೆದ್ದಲುಗಳನ್ನು ಹೊರಗೆಳೆದು ತಿನ್ನುವುದನ್ನು ಅವರು ಕಂಡರು. ಸಣ್ಣ ರೆಂಬೆಯ ಎಲೆಗಳನ್ನು ಕಿತ್ತು ಕಡ್ಡಿಯನ್ನು ಸಿದ್ಧಮಾಡಿಕೊಳ್ಳುವುದೂ ಉಂಟೆಂದು ತಿಳಿಯಿತು. ಉಪಕರಣ ತಯಾರಿಸುವ ಜೀವಿ ಮನುಷ್ಯನೊಬ್ಬನೇ ಎಂದು ಪಾಠ ಹೇಳುತ್ತಿದ್ದ ಕಾಲ ಅದು.

ಆ ಚಿಂಪಾಂಜಿಗೆ ಗಡ್ಡದ ಬಣ್ಣದಿಂದಲೇ ಡೇವಿಡ್ ಗ್ರೇಬಿಯರ್ಡ್ ಎಂಬ ಹೆಸರು ಬಂತು. ಅವರು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಪ್ರಾಣಿಗಳಿಗೆ ಹೆಸರಲ್ಲ, ಸಂಖ್ಯೆ ಕೊಡಬೇಕು, ಅವುಗಳಿಗೆ ಸ್ವಭಾವವಿದೆಯೆಂದು ಬರೆಯಬಾರದು ಎಂಬ ಆಕ್ಷೇಪ ಎದುರಾಯಿತು. ಅವರು ಹೆಸರುಗಳನ್ನು ಬಿಡಲಿಲ್ಲ. ಮೊದಲ ಪದವಿಯೇ ಇಲ್ಲದೆ ನೇರವಾಗಿ ಪಿಎಚ್.ಡಿ. ಪಡೆದರು. ನನ್ನ ಮಟ್ಟಿಗೆ ಹೆಸರಿಡುವುದು ಭಾವುಕತೆಯಲ್ಲ, ಅಧ್ಯಯನದ ಅಗತ್ಯ: ಯಾವ ತಾಯಿಯ ಮರಿ ಯಾವುದು, ಯಾರು ಯಾರ ಬೆನ್ನಿಗೆ ನಿಲ್ಲುತ್ತಾರೆ ಎಂಬುದು ಒಂದೊಂದನ್ನೂ ಬೇರೆಯಾಗಿ ಬಲ್ಲವರಿಗಷ್ಟೇ ತಿಳಿಯುತ್ತದೆ.

ಗುರುತಿಸುವ ಬಗೆ ಪ್ರಾಣಿಗೆ ತಕ್ಕಂತೆ ಬದಲಾಗುತ್ತದೆ. ಲೀಕಿ ಅವರ ಪ್ರೋತ್ಸಾಹದಿಂದಲೇ 1967ರಲ್ಲಿ ರುವಾಂಡದ ಬೆಟ್ಟಗಳಲ್ಲಿ ಕರಿಸೋಕೆ ಕೇಂದ್ರವನ್ನು ಆರಂಭಿಸಿದ ಡಯಾನ್ ಫಾಸ್ಸಿ ಅವರು ಗೊರಿಲ್ಲಗಳ ಮೂಗಿನ ಮೇಲಿನ ಗೆರೆಗಳನ್ನು ಚಿತ್ರಿಸಿಕೊಳ್ಳುತ್ತಿದ್ದರು. ನಮ್ಮ ಹೆಬ್ಬೆರಳ ಗುರುತಿನಂತೆ ಅವು ಒಂದರದ್ದು ಇನ್ನೊಂದಕ್ಕಿರುವುದಿಲ್ಲ. ಅವರಿಗೆ ಪ್ರಿಯವಾಗಿದ್ದ, ಬೆರಳು ಊನವಾಗಿದ್ದ ಡಿಜಿಟ್ ಎಂಬ ಗೊರಿಲ್ಲವನ್ನು 1977ರಲ್ಲಿ ಕಳ್ಳಬೇಟೆಗಾರರು ಕೊಂದರು. ಬೇಟೆಯ ವಿರುದ್ಧ ಹೋರಾಡಿದ ಫಾಸ್ಸಿ ಅವರೂ 1985ರಲ್ಲಿ ತಮ್ಮ ಗುಡಿಸಲಿನಲ್ಲೇ ಕೊಲೆಯಾದರು.

ಬೋರ್ನಿಯೊ ದ್ವೀಪದ ಜೌಗು ಕಾಡಿನಲ್ಲಿ 1971ರಿಂದ ಒರಾಂಗುಟಾನ್‌ಗಳನ್ನು ಹಿಂಬಾಲಿಸಿದ ಬಿರುಟೆ ಗಾಲ್ಡಿಕಾಸ್ ಅವರಿಗೆ ಬೇಕಾದದ್ದು ಇನ್ನೂ ಹೆಚ್ಚಿನ ತಾಳ್ಮೆ. ಈ ಪ್ರಾಣಿಗಳು ಹೆಚ್ಚಾಗಿ ಒಂಟಿಯಾಗಿ, ಎತ್ತರದ ಮರಗಳಲ್ಲಿ ಬದುಕುತ್ತವೆ. ಒಂದು ಮರಿಯಾದ ಮೇಲೆ ಇನ್ನೊಂದಕ್ಕೆ ಸುಮಾರು ಏಳೆಂಟು ವರ್ಷ ಬೇಕು. ಎರಡು ಮರಿಗಳ ಬಾಲ್ಯವನ್ನು ಹೋಲಿಸಿ ನೋಡಬೇಕಾದರೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ಇರಬೇಕಾಗುತ್ತದೆ.

ನಿಮ್ಮ ಶಿರಸಿಯ ಕಡೆಯ ಕಾಡುಗಳಲ್ಲಿರುವ ಸಿಂಗಳೀಕ ಬಾಲವುಳ್ಳ ಕೋತಿ. ಮೇಲೆ ಹೇಳಿದ ಮೂರೂ ಬಾಲವಿಲ್ಲದ ವಾನರಗಳು. ಅಂಥ ವಾನರ ನಮ್ಮ ದೇಶದಲ್ಲಿರುವುದು ಈಶಾನ್ಯ ರಾಜ್ಯಗಳ ಹೂಲಾಕ್ ಗಿಬ್ಬನ್ ಮಾತ್ರ.