ರಾಯಭಾರಿಯಾಗಲು ಭೌತಶಾಸ್ತ್ರ ಬೇಕಾ?

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. ಅಣ್ವಸ್ತ್ರ, ನಿಶ್ಶಸ್ತ್ರೀಕರಣದ ಮಾತುಕತೆ ನಡೆಸುವ ರಾಜತಾಂತ್ರಿಕಳಾಗುವ ಆಸೆ. ಭೌತಶಾಸ್ತ್ರ ಓದಿರಲೇಬೇಕಾ? ಅಲ್ಲಿ ದಿನಾ ಮಾಡುವ ಕೆಲಸವಾದರೂ ಏನು?

ಉತ್ತರ: ಓದಿರಲೇಬೇಕು ಅಂತೇನಿಲ್ಲ. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯನ್ನು ಹಾನ್ಸ್ ಬ್ಲಿಕ್ಸ್ 16 ವರ್ಷ ನಡೆಸಿದರು. ಆಮೇಲೆ ಬಂದ ಮೊಹಮದ್ ಎಲ್‌ಬರಾದಿ 12 ವರ್ಷ. ಇಬ್ಬರೂ ಓದಿದ್ದು ಕಾನೂನು. ಯುರೇನಿಯಂ ಸಾಂದ್ರಗೊಳಿಸುವ ಯಂತ್ರವಾದ ಸೆಂಟ್ರಿಫ್ಯೂಜ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಕೊಡಲು ಪಕ್ಕದಲ್ಲಿ ವಿಜ್ಞಾನಿಗಳಿರುತ್ತಾರೆ. ಅವರನ್ನು ಸರಿಯಾದ ಪ್ರಶ್ನೆ ಕೇಳುವಷ್ಟು ನಿಮಗೆ ಗೊತ್ತಿದ್ದರೆ ಸಾಕು.

ಇನ್ನು ದಿನದ ಕೆಲಸ. ಪತ್ರಿಕೆಯಲ್ಲಿ ಬರುವುದು ಕೈಕುಲುಕುವ ಫೋಟೊ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ನಡೆಯುವುದು ಕರಡಿನ ಜಗಳ. ಯಾವುದಾದರೂ ದೇಶ ಒಪ್ಪದ ಮಾತನ್ನು ಕರಡಿನಲ್ಲಿ ಚೌಕ ಬ್ರ್ಯಾಕೆಟ್ ಒಳಗೆ ಇಡುತ್ತಾರೆ. ಒಂದೇ ವಾಕ್ಯದಲ್ಲಿ ಮೂರ್ನಾಲ್ಕು ಬ್ರ್ಯಾಕೆಟ್, ಕೆಲವೊಮ್ಮೆ ಒಂದರ ಹೊಟ್ಟೆಯಲ್ಲಿ ಇನ್ನೊಂದು! ‘ಮಾಡತಕ್ಕದ್ದು’ ಅನ್ನಬೇಕೋ ‘ಮಾಡಬಹುದು’ ಅನ್ನಬೇಕೋ ಅಂತ ಹಗ್ಗಜಗ್ಗಾಟ. ನಿಮ್ಮ ಸರ್ಕಾರದಿಂದ ಸೂಚನೆ ಬರುವವರೆಗೆ ಕಾಯಬೇಕು. ಕಾಫಿ ಹೊತ್ತಿನಲ್ಲಿ ಎದುರು ಪಕ್ಷದವರ ಜೊತೆ ಮೆಲ್ಲಗೆ ಮಾತಾಡಬೇಕು. ಹೀಗೆ ಒಂದೊಂದೇ ಬ್ರ್ಯಾಕೆಟ್ ತೆಗೆಸಬೇಕು. ತಾಳ್ಮೆ ಇಲ್ಲದವರಿಗೆ ಹುಚ್ಚು ಹಿಡಿಯುತ್ತದೆ.

ಕೆಲವೊಮ್ಮೆ ಸುಮ್ನೆ ಪಟ್ಟು ಹಿಡಿದು ಕೂರುವುದೇ ಕೆಲಸ. 1996ರಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಭಾರತದ ಪರವಾಗಿ ಅರುಂಧತಿ ಘೋಷ್ ಕೂತಿದ್ದರು. ಅಣ್ವಸ್ತ್ರ ಪರೀಕ್ಷೆ ನಿಷೇಧ ಒಪ್ಪಂದದ ಕರಡು ಮುಂದಿತ್ತು. ಅದು ಜಾರಿಗೆ ಬರಲು ಭಾರತವೂ ಸೇರಿದಂತೆ 44 ದೇಶಗಳ ಅನುಮೋದನೆ ಬೇಕು ಎಂಬ ಷರತ್ತು. ಆದರೆ ಇರುವ ಅಣ್ವಸ್ತ್ರಗಳನ್ನು ತೊಡೆದುಹಾಕಲು ಗಡುವು ಮಾತ್ರ ಇರಲಿಲ್ಲ. ಆ ಸಮ್ಮೇಳನದಲ್ಲಿ ಎಲ್ಲರೂ ಒಪ್ಪಿದರಷ್ಟೇ ತೀರ್ಮಾನ. ಭಾರತ ಒಪ್ಪಲಿಲ್ಲ, ಕರಡು ಅಲ್ಲೇ ನಿಂತಿತು. ಕೊನೆಗೆ ಆಸ್ಟ್ರೇಲಿಯಾ ಅದನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಒಯ್ದಿತು. ಪರ 158, ವಿರುದ್ಧ ಬರೀ 3. ಆದರೂ ಆ ಒಪ್ಪಂದ ಇವತ್ತಿಗೂ ಜಾರಿಯಾಗಿಲ್ಲ. ಘೋಷ್ ಮಾಡಿದ್ದು ಸರಿಯೋ ತಪ್ಪೋ ಅಂತ ವಾದಿಸುವವರು ಈಗಲೂ ಇದ್ದಾರೆ. ಅಷ್ಟು ಜನರೆದುರು ಒಂಟಿಯಾಗಿ ‘ಇಲ್ಲ’ ಅನ್ನಲು ಗುಂಡಿಗೆ ಬೇಕು, ಅಲ್ವಾ?

ಮೊದಲ ಪೋಸ್ಟಿಂಗ್‌ನಲ್ಲೇ ಇಂಥ ಕುರ್ಚಿ ಸಿಗುವುದಿಲ್ಲ. ಘೋಷ್ ವಿದೇಶಾಂಗ ಸೇವೆ ಸೇರಿದ್ದು 1963ರಲ್ಲಿ. ಜಿನೀವಾ ಸರದಿ ಬರುವ ಹೊತ್ತಿಗೆ ಮೂರು ದಶಕ ದಾಟಿತ್ತು.

ಸದ್ಯಕ್ಕೆ 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಓದಿ. ಇರುವುದೇ 11 ವಿಧಿ. 6ನೇ ವಿಧಿ ಬಂದಾಗ ಸ್ವಲ್ಪ ನಿಲ್ಲಿ. ನಿಶ್ಶಸ್ತ್ರೀಕರಣಕ್ಕೆ ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು ಅಂತ ಅಲ್ಲಿದೆ. ಯಾವಾಗ ಮುಗಿಸಬೇಕು ಅಂತ ಇಲ್ಲ. ಅದು ಯಾಕಿಲ್ಲ ಅಂತ ಹುಡುಕುತ್ತಾ ನಿಮಗೆ ಊಟ ಮರೆತುಹೋದರೆ, ಭೌತಶಾಸ್ತ್ರದ ಚಿಂತೆ ಬಿಡಿ.